ಮಕ್ಕಳ ಪಾದ ಮತ್ತು ಪಾದರಕ್ಷೆ

ಮಗುವಿನ ಅಂಗಾಲು ಚಪ್ಪಟೆಯಾಗಿರುವುದನ್ನು ಕಂಡು ಕಳವಳಗೊಳ್ಳುವ ತಾಯಂದಿರು ಅನೇಕರು. ಎಳೆಯ ಪಾದದಲ್ಲಿ ಕೊಬ್ಬು ತುಂಬಿರುವುದರಿಂದ ಕಮಾನು ಕಾಣುವುದಿಲ್ಲ. ಬಹುತೇಕ ಮಕ್ಕಳಲ್ಲಿ ಆರೇಳು ವರ್ಷಗಳ ಹೊತ್ತಿಗೆ ಅದು ತಾನಾಗಿಯೇ ಮೂಡುತ್ತದೆ. ಒದ್ದೆಗಾಲನ್ನು ಒಣ ಫರಸಿಯ ಮೇಲೆ ಊರಿಸಿ, ಹೆಜ್ಜೆಗುರುತಿನ ಒಳಬದಿಯಲ್ಲಿ ಬಾಗು ಇದೆಯೇ ಎಂದು ಮನೆಯಲ್ಲಿಯೇ ನೋಡಬಹುದು. ಬಾಗಿಲ್ಲದಿದ್ದರೂ ತುದಿಗಾಲಿನಲ್ಲಿ ನಿಂತಾಗ ಕಮಾನು ಮೂಡಿದರೆ, ನೋವೂ ಇಲ್ಲದಿದ್ದರೆ, ಸಾಮಾನ್ಯವಾಗಿ ಚಿಂತೆಗೆ ಕಾರಣವಿಲ್ಲ. ಮೂಡದಿದ್ದರೆ ಎಲುಬಿನ ವೈದ್ಯರಿಗೆ ತೋರಿಸುವುದು ಲೇಸು.

ಮಣಿಪಾಲದ ವೈದ್ಯರು 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತುಗಳನ್ನು ಪರೀಕ್ಷಿಸಿ 1992ರಲ್ಲಿ ವರದಿ ಪ್ರಕಟಿಸಿದರು. ಪಾದರಕ್ಷೆ ಧರಿಸುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇಕಡಾ 8.6ರಷ್ಟಿದ್ದರೆ, ಬರಿಗಾಲಿನವರಲ್ಲಿ 2.8 ಮಾತ್ರ. ಬೆರಳು ಮುಚ್ಚುವ ಬೂಟು ತೊಡುವವರಲ್ಲಿ ಅದು ಎಲ್ಲಕ್ಕಿಂತ ಹೆಚ್ಚು, ಚಪ್ಪಲಿಯವರಲ್ಲಿ ಕಡಿಮೆ. ಹಾಗೆಂದು ಮುಳ್ಳು, ಗಾಜಿನ ಚೂರುಗಳ ಬೀದಿಯಲ್ಲಿ ಮಕ್ಕಳನ್ನು ಬರಿಗಾಲಿನಲ್ಲಿ ಬಿಡಿರೆಂದು ನಾವು ಹೇಳುತ್ತಿಲ್ಲ. ಮನೆಯೊಳಗೆ, ಅಂಗಳದಲ್ಲಿ ಬರಿಗಾಲಿನಿಂದಲೇ ಓಡಾಡಲಿ.

ಶಾಲೆಗೆ ಬೂಟು ಬೇಕೇ ಬೇಕಲ್ಲ! ಮುಂದಿನ ವರ್ಷಕ್ಕೂ ಆಗಲೆಂದು ದೊಡ್ಡ ಅಳತೆಯದನ್ನು ಕೊಳ್ಳುವುದು, ಅಣ್ಣನ ಸವೆದ ಬೂಟನ್ನು ತಮ್ಮನಿಗೆ ತೊಡಿಸುವುದು, ಈ ಉಳಿತಾಯಕ್ಕೆ ನಮ್ಮ ಒಪ್ಪಿಗೆಯಿಲ್ಲ. ಮಗುವನ್ನು ಅಂಗಡಿಗೆ ಕರೆದೊಯ್ದು, ಎರಡೂ ಕಾಲಿಗೆ ತೊಡಿಸಿ, ನಿಲ್ಲಿಸಿ ನೋಡಬೇಕು. ಬೆರಳುಗಳ ಮುಂದೆ ಹೆಬ್ಬೆರಳಿನಗಲ ತೆರಪಿರಬೇಕು.