ಅಂತಃಪುರದ ಲೆಕ್ಕ ಬರೆದವರು

ಹಂಪಿಯ ಜನಾನಾ ಆವರಣದಲ್ಲಿ ಪ್ರವಾಸಿಗರ ಕಿವಿಗೆ ಬೀಳುವ ಕಥೆ ಹೆಚ್ಚುಕಡಿಮೆ ಒಂದೇ. ಇಲ್ಲಿ ರಾಣಿಯರು ವಿಹರಿಸುತ್ತಿದ್ದರು, ಕಮಲ ಮಹಲಿನಲ್ಲಿ ತಂಗಾಳಿಗೆ ಕೂರುತ್ತಿದ್ದರು, ಸುತ್ತ ಎತ್ತರದ ಗೋಡೆ, ಕಾವಲು. ರಾಣಿವಾಸಕ್ಕೆ ಅಂಟಿಕೊಂಡೇ 11 ಅಂಕಣಗಳ ಆನೆಲಾಯ ಏಕಿದೆ ಎಂದು ಕೇಳುವವರು ಕಡಿಮೆ. ಜನಾನಾ ಎಂಬ ಹೆಸರು ಸಾಮ್ರಾಜ್ಯ ಅಳಿದ ಎಷ್ಟೋ ಕಾಲದ ಮೇಲೆ ಬಂದದ್ದು; ಕಮಲ ಮಹಲು ಮಂತ್ರಾಲೋಚನೆಯ ಜಾಗವಾಗಿದ್ದಿರಬಹುದು ಎನ್ನುವ ವಿದ್ವಾಂಸರೂ ಇದ್ದಾರೆ.

ಆವರಣ ಯಾರದಾದರೂ ಆಗಿರಲಿ, ವಿಜಯನಗರದ ಅರಮನೆಯ ಹೆಂಗಸರ ಕೆಲಸಕ್ಕೆ ಬೇರೆಯೇ ಸಾಕ್ಷ್ಯವಿದೆ. ಅಚ್ಯುತರಾಯನ ಕಾಲದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟ ಪ್ರಕಾರ, ಅರಮನೆಯ ಒಳಗಿನ ಖರ್ಚುವೆಚ್ಚವನ್ನೆಲ್ಲ ಬರೆಯುತ್ತಿದ್ದವರು ಹೆಂಗಸರು. ರಾಜ್ಯದ ವಿದ್ಯಮಾನಗಳನ್ನು ದಾಖಲಿಸಿ, ಹೊರಗಿನ ಕರಣಿಕರ ಪುಸ್ತಕಗಳ ಜೊತೆ ತಾಳೆ ನೋಡುವ ಹೆಂಗಸರೂ ಇದ್ದರು. ಜೊತೆಗೆ ಕುಸ್ತಿಪಟುಗಳು, ಜ್ಯೋತಿಷ್ಯ ಬಲ್ಲವರು. ಗಂಡಸರ ಲೆಕ್ಕಕ್ಕೆ ಹೆಂಗಸರ ಪರಿಶೋಧನೆ!

ಹಾಗೆಂದು ಅಂತಃಪುರವನ್ನು ಹಾಡಿಹೊಗಳಬೇಕಿಲ್ಲ. ಗಂಡನ ಚಿತೆಯೇರಿದ ಹೆಂಗಸರ ವಿವರವೂ ಅದೇ ನೂನಿಜನ ಬರಹದಲ್ಲಿದೆ. ಕಟ್ಟುಪಾಡು ಇತ್ತು, ಕ್ರೌರ್ಯವೂ ಇತ್ತು. ಆಕ್ಷೇಪ ಇರುವುದು ಕೆಲಸವನ್ನು ಮರೆಸಿ ಶೃಂಗಾರವನ್ನಷ್ಟೇ ಉಳಿಸಿಕೊಂಡ ನಮ್ಮ ನೆನಪಿನ ಬಗ್ಗೆ.

ಮೈಸೂರಿನ ಒಂದು ಚಿತ್ರಕ್ಕೂ ಇದೇ ಗತಿಯಾಯಿತು. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಆ ತೈಲಚಿತ್ರದಲ್ಲಿ ಮೂವರು ಸ್ತ್ರೀಯರು. ಬಲಗಡೆಯವಳು ಸೆರಗು ಸರಿಸಿ ತೋಳು ತೋರುತ್ತಿದ್ದಾಳೆ. ಬಹುಕಾಲ ಇವರನ್ನು ನರ್ತಕಿಯರೆಂದೇ ತಿಳಿಯಲಾಗಿತ್ತು. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ ಎಂದು ವಾದಿಸಿದವರು ಇತಿಹಾಸಕಾರ ನೈಜೆಲ್ ಚಾನ್ಸಲರ್. ಲಸಿಕೆಯೆಂದರೆ ಜನ ಹೆದರುತ್ತಿದ್ದ ದಿನಗಳವು. ಅವರ ವಾದ ನಿಜವಾದರೆ, ಪ್ರಜೆಗಳಿಗೆ ಧೈರ್ಯ ತುಂಬಲು ಮುಂದೆ ಬಂದ ರಾಣಿಯನ್ನು ನಾವು ಇನ್ನೂರು ವರ್ಷ ಗುರುತಿಸಲೇ ಇಲ್ಲ.

ಅದೇ ಅರಮನೆಯ ರಾಣಿ ಲಕ್ಷ್ಮಮ್ಮಣ್ಣಿ, ಒಡೆಯರಿಂದ ಅಧಿಕಾರ ಕಸಿದಿದ್ದ ಹೈದರನ ಕಣ್ಗಾವಲಿನಲ್ಲಿದ್ದುಕೊಂಡೇ ತನ್ನ ಪ್ರತಿನಿಧಿ ತಿರುಮಲರಾಯನ ಮೂಲಕ ಇಂಗ್ಲಿಷರೊಡನೆ ಸಂಧಾನ ನಡೆಸಿದಳು, 1782ರಲ್ಲಿ ಒಪ್ಪಂದವಾಯಿತು. 1799ರಲ್ಲಿ ಒಡೆಯರ ವಂಶಕ್ಕೆ ಸಿಂಹಾಸನ ಮರಳಿದಾಗ ಪಟ್ಟವೇರಿದ್ದು ಐದು ವರ್ಷದ ಬಾಲಕ. ಅದರ ಹಿಂದಿನ ದಶಕಗಳ ಪಟ್ಟು ಈಕೆಯದು.

ಇಂದು ದಸರೆಯ ದೀಪಗಳಲ್ಲಿ ಜನ ಬೆರಗಾಗಿ ನೋಡುವ ಮೈಸೂರು ಅರಮನೆಯೂ ಹೆಂಗಸಿನ ಆಳ್ವಿಕೆಯಲ್ಲೇ ಶುರುವಾದದ್ದು. 1897ರಲ್ಲಿ ಹಳೆಯದು ಸುಟ್ಟಾಗ ಮಗನ ಪರವಾಗಿ ರಾಜ್ಯ ನಡೆಸುತ್ತಿದ್ದ ವಾಣಿವಿಲಾಸ ಸನ್ನಿಧಾನ, ಹೊಸದರ ಕೆಲಸವನ್ನು ಹೆನ್ರಿ ಇರ್ವಿನ್‌ಗೆ ವಹಿಸಿದರು. ಪ್ರವಾಸೋದ್ಯಮ ಇಲಾಖೆ ಮಾರ್ಗದರ್ಶಿಗಳಿಗೆ ತರಬೇತಿ ಕೊಡುವಾಗ ಈ ಹೆಸರುಗಳನ್ನು ಪಾಠದಲ್ಲಿ ಸೇರಿಸಲಿ. ರಾಣಿ ಎಲ್ಲಿ ಸ್ನಾನ ಮಾಡುತ್ತಿದ್ದಳು ಎಂದು ವಿವರಿಸುವ ಗೈಡ್, ಆಕೆ ಯಾವ ಕಾಗದಕ್ಕೆ ಸಹಿ ಹಾಕಿದಳೆಂಬುದನ್ನೂ ಹೇಳಬೇಕು.