ಕಾಗದದ ತಂಡದ ಗೆಲುವು

ಮೈದಾನವಿಲ್ಲ, ಚೆಂಡಿಲ್ಲ, ದಾಂಡಿಲ್ಲ. ಬೆವರಂತೂ ಮೊದಲೇ ಇಲ್ಲ. ಆದರೂ ಆರು ತಿಂಗಳು ನಡೆಯುವ ಆಟವೊಂದು ಅಮೆರಿಕಾ ದೇಶದಲ್ಲುಂಟೆಂದರೆ ನಮ್ಮ ವಾಚಕಮಹಾಶಯರು ನಂಬುವರೋ ಇಲ್ಲವೋ! ಫ್ಯಾಂಟಸಿ ಬೇಸ್‌ಬಾಲ್ ಎಂದು ಅದರ ಹೆಸರು. ಮಿತ್ರರು ಹತ್ತು ಮಂದಿ ಸೇರಿ, ನಿಜವಾದ ತಂಡಗಳ ಆಟಗಾರರನ್ನು ಹರಾಜಿನ ಮೂಲಕ ತಮ್ಮೊಳಗೆ ಹಂಚಿಕೊಂಡು, ಕಾಗದದ ಮೇಲೆ ತಂಡ ಕಟ್ಟುವರು. ಆ ಆಟಗಾರರು ತಮ್ಮ ತಮ್ಮ ಮೈದಾನಗಳಲ್ಲಿ ದಿನದಿನವೂ ಗಳಿಸಿದ್ದನ್ನು ಕೂಡಿಸುತ್ತ ಹೋಗಿ, ಸೆಪ್ಟೆಂಬರಿನ ಕೊನೆಗೆ ಯಾರ ಕಾಗದದ ತಂಡ ಮೇಲೆಂದು ನಿಶ್ಚಯಿಸುವರು.

ಇದರ ಮೂಲವನ್ನು ಹುಡುಕಹೊರಟರೆ ಪಂಡಿತರ ಮನೆಗೇ ಹೋಗಬೇಕಾಗುವುದು. ವಿಲಿಯಂ ಗ್ಯಾಮ್ಸನ್ ಎಂಬ ಸಮಾಜಶಾಸ್ತ್ರಜ್ಞರು 1960ರಲ್ಲಿ ಬಾಸ್ಟನ್ ನಗರದಲ್ಲಿ ಇಂಥದೊಂದನ್ನು ಆರಂಭಿಸಿ, ಮುಂದೆ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೋದಾಗ ಅಲ್ಲಿಗೂ ಒಯ್ದರು. ಅಲ್ಲಿನ ಅಧ್ಯಾಪಕರೊಬ್ಬರಿಂದ ಅದನ್ನು ತಿಳಿದ ಡೇನಿಯಲ್ ಓಕ್ರೆಂಟ್ ಎಂಬ ಲೇಖಕರು 1979ರ ಕೊನೆಯಲ್ಲಿ, ಟೆಕ್ಸಸ್ಸಿಗೆ ಹೋಗುವ ವಿಮಾನದಲ್ಲಿ ಕುಳಿತು ಹೊಸ ನಿಯಮಗಳನ್ನು ಬರೆದರು. ಮರುವರ್ಷ ನ್ಯೂಯಾರ್ಕಿನಲ್ಲಿ ಅವರ ಮಿತ್ರಕೂಟವು ಆಡತೊಡಗಿತು. ಕೂಟ ಸೇರುತ್ತಿದ್ದ ಫ್ರೆಂಚ್ ಭೋಜನಶಾಲೆಯ ಹೆಸರಿನಿಂದ ಆಟಕ್ಕೆ ರೋಟಿಸರಿ ಎಂಬ ಹೆಸರಾಯಿತು. 1981ರಲ್ಲಿ ನಿಜವಾದ ಆಟಗಾರರು ಮುಷ್ಕರ ಹೂಡಿ ಮೈದಾನಗಳು ಬರಿದಾದಾಗ, ಬರೆಯಲು ವಿಷಯವಿಲ್ಲದ ಪತ್ರಿಕೆಯವರು ಇದನ್ನು ಬರೆದು ಹಬ್ಬಿಸಿದರು.

ಗೆಲ್ಲುವ ಬಗೆ ಹೇಗೆ? ಒಳ್ಳೆಯ ಆಟಗಾರರನ್ನು ಆರಿಸಿದರಾಯಿತೆನ್ನುವವರು ಹರಾಜಿನ ದಿನವೇ ಸೋಲುವರು. ರೂಢಿಯ ನಿಯಮದಂತೆ ಒಬ್ಬೊಬ್ಬನ ಕೈಯಲ್ಲಿ 260 ಡಾಲರು. ಅದರೊಳಗೆ 23 ಮಂದಿಯನ್ನು ಕೊಳ್ಳತಕ್ಕದ್ದು. ಹೆಸರಾಂತ ಇಬ್ಬರಿಗೆ 45, 40 ಎಂದು ಕೂಗಿಬಿಟ್ಟರೆ ಮಿಕ್ಕ 21 ಮಂದಿಗೆ ಉಳಿಯುವುದು 175. ತಲೆಗೆ 8 ಡಾಲರಿಗೆ ತುಸು ಮೇಲೆ. ಸೀರೆಗೇ ಹಣವೆಲ್ಲ ಸುರಿದು ಮದುವೆಯ ಅಕ್ಕಿಗೆ ಸಾಲ ಮಾಡಿದವರನ್ನು ನಾವೆಲ್ಲ ಕಂಡಿದ್ದೇವಷ್ಟೆ. ಗೆಲ್ಲುವವನು ಆಟಗಾರನ ಗುಣವನ್ನು ಬಲ್ಲರೆ ಸಾಲದು. ಆ ಗುಣಕ್ಕೂ ಕೂಗಿದ ಬೆಲೆಗೂ ನಡುವಣ ಅಂತರವನ್ನು ಬಲ್ಲವನಾಗಿರಬೇಕು. 20 ಡಾಲರು ಬಾಳುವವನನ್ನು 20ಕ್ಕೇ ಕೊಂಡರೆ ಲಾಭವೇನು? 9 ಬಾಳುವ ಅಪ್ರಸಿದ್ಧನು 2ಕ್ಕೆ ದೊರೆತರೆ ಅದೇ ಬಂಡವಾಳ.

ಮೂಲನಿಯಮದಲ್ಲಿ ಎಣಿಕೆಗೆ ಬರುವುವು ಎಂಟು: ಬ್ಯಾಟಿನವರಿಂದ ನಾಲ್ಕು, ಚೆಂಡೆಸೆಯುವವರಿಂದ ನಾಲ್ಕು. ಹತ್ತು ತಂಡಗಳಿದ್ದರೆ ಪ್ರತಿಯೊಂದು ಎಣಿಕೆಯಲ್ಲಿಯೂ ಮೊದಲನೆಯವನಿಗೆ 10 ಅಂಕ, ಕಡೆಯವನಿಗೆ 1. ಇಲ್ಲಿದೆ ಸ್ವಾರಸ್ಯ. ಹೋಮ್ ರನ್ ಎಂಬ ದೊಡ್ಡ ಹೊಡೆತಗಳಲ್ಲಿ ಒಂದರಿಂದ ಮುಂದಿದ್ದರೂ 10, ಐವತ್ತರಿಂದ ಮುಂದಿದ್ದರೂ 10. ಆ ನಲವತ್ತೊಂಬತ್ತು ವ್ಯರ್ಥ. ಬಲ್ಲವನು ಆಷಾಢದ ಹೊತ್ತಿಗೆ ಅಂಥ ಹೊಡೆತಗಾರನೊಬ್ಬನನ್ನು ಬಿಟ್ಟುಕೊಟ್ಟು, ಎದುರಾಳಿಯ ಕಣ್ಣು ತಪ್ಪಿಸಿ ಮುಂದಿನ ಬೇಸಿಗೆ ಓಡುವ ಚುರುಕುಗಾಲಿನವನನ್ನು ಪಡೆಯುವನು. ಬೇಸು ಕದಿಯುವ ಎಣಿಕೆಯಲ್ಲಿ ಎರಡು ಮೂರರ ಅಂತರದಲ್ಲಿ ನಾಲ್ಕು ತಂಡಗಳು ಒತ್ತೊತ್ತಾಗಿ ನಿಂತಿದ್ದರೆ, ಆ ಒಬ್ಬನೇ ಮೂರು ಅಂಕಗಳನ್ನು ತಂದಾನು.

ಸರಾಸರಿಯ ಲೆಕ್ಕವೇ ಬೇರೆ. ಚೆಂಡೆಸೆಯುವವನು ಒಂಬತ್ತು ಇನ್ನಿಂಗ್ಸಿಗೆ ಎಷ್ಟು ಓಟಗಳನ್ನು ಬಿಟ್ಟುಕೊಟ್ಟನೆಂಬುದು ಒಂದು ಎಣಿಕೆ. ಇಲ್ಲಿ ಸುಮ್ಮನೆ ಕುಳಿತವನು ಕೇಡು ಮಾಡನು. ದಿನವೂ ಆಡಿ ಕೆಡುವವನು ತಂಡವನ್ನೇ ಕೆಡಿಸುವನು. ಹುಳಿಗೆ ಉಪ್ಪು ಕಡಿಮೆಯಾದರೆ ಬಡಿಸುವಾಗ ಹಾಕಬಹುದು. ಹೆಚ್ಚಾದರೆ ಗೃಹಿಣಿ ಏನು ಮಾಡಿಯಾಳು? ಇನ್ನು ಸೇವ್ ಎಂಬುದು, ಗೆಲ್ಲುತ್ತಿರುವ ಆಟವನ್ನು ಕೊನೆಗೆ ಬಂದು ಕಾಪಾಡಿದವನಿಗೆ ಸಲ್ಲುವ ಎಣಿಕೆ. ತಂಡದಲ್ಲಿ ಸಾಮಾನ್ಯವಾಗಿ ಒಬ್ಬನಿಗೇ ಆ ಕೆಲಸ. ನಾಳೆ ಅದನ್ನು ಇನ್ನೊಬ್ಬನಿಗೆ ವಹಿಸಿದರೆ, ತೋಳು ಅದೇ, ಚೆಂಡು ಅದೇ, ಬೆಲೆ ಮಾತ್ರ ಸೊನ್ನೆ. ಅಧಿಕಾರ ಬಿಟ್ಟ ಅಮಲ್ದಾರರ ಮನೆಯ ಜಗಲಿಯಂತೆ.

ಇದನ್ನೆಲ್ಲ ಓದುವಾಗ ನಮಗೆ ನೆನಪಾದವನು ವನಪರ್ವದ ನಳೋಪಾಖ್ಯಾನದ ಋತುಪರ್ಣ. ರಥದಲ್ಲಿ ಹೋಗುತ್ತಿದ್ದಾಗಲೇ ತಾರೆಯ ಮರವೊಂದನ್ನು ಕಂಡು, ಅದರ ಎಲೆಗಳೆಷ್ಟು, ಕಾಯಿಗಳೆಷ್ಟು ಎಂಬುದನ್ನು ಹೇಳಿಬಿಟ್ಟನು. ಸಾರಥಿಯ ವೇಷದಲ್ಲಿದ್ದ ನಳನು ರಥ ನಿಲ್ಲಿಸಿ ಎಣಿಸಿ ನೋಡಲು ಲೆಕ್ಕ ಸರಿಯಾಗಿತ್ತು. ಎಣಿಕೆಯ ವಿದ್ಯೆಯೊಡನೆ ಅಕ್ಷಹೃದಯವನ್ನೂ ಬಲ್ಲ ಆ ದೊರೆಯಿಂದ ಪಾಠ ಹೇಳಿಸಿಕೊಂಡ ಮೇಲೆಯೇ ನಳನು ಪುಷ್ಕರನನ್ನು ಗೆದ್ದದ್ದು. (ಪಗಡೆಯ ದಾಳಗಳಾಗಿದ್ದುದೂ ತಾರೆಯ ಕಾಯಿಗಳೇ ಎಂಬುದನ್ನು ಬಲ್ಲವರು ಬಲ್ಲರು.) ನ್ಯೂಯಾರ್ಕಿನವರೂ ಗಣಕಯಂತ್ರಗಳು ಮನೆಮನೆಗೆ ಬರುವ ಮೊದಲು ಪತ್ರಿಕೆಯ ಅಂಕಿಗಳನ್ನು ಕೈಯಿಂದಲೇ ಕೂಡಿಸುತ್ತಿದ್ದರು.

ಹಾಗಾದರೆ ಇದು ಜೂಜಲ್ಲವೇ? ಪಣವಿಟ್ಟರೆ ವಾಸನೆ ಬಾರದಿರದು. ಅಮೆರಿಕಾದ 2006ರ ಕಾನೂನು ಇದನ್ನು ಜಾಣ್ಮೆಯ ಆಟವೆಂದು ಭಾವಿಸಿ, ಕೆಲವು ಷರತ್ತುಗಳ ಮೇಲೆ, ಅಂತರಜಾಲದ ಜೂಜಿನ ನಿರ್ಬಂಧದಿಂದ ಹೊರಗಿಟ್ಟಿತು. ನಮ್ಮ ದೇಶದ 2025ರ ಕಾನೂನು ಅಂತರಜಾಲದಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು, ಕ್ರಿಕೆಟ್ಟಿನ ಇಂಥವನ್ನೂ ಸೇರಿಸಿ, ನಿಷೇಧಿಸಿತು. ಹಣವನ್ನು ತೆಗೆದಿಟ್ಟರೂ ಉಳಿಯುವ ರುಚಿ ಈ ಆಟಕ್ಕುಂಟೆಂಬುದು ನಮ್ಮ ಮತ.

ನಮ್ಮನ್ನು ಯೋಚನೆಗೆ ಹಚ್ಚಿದ್ದು ಬೇರೊಂದು. ಅಲ್ಲಿ ಎಷ್ಟೋ ಜನ ಊರಿನ ತಂಡದ ಮೇಲಣ ಅಭಿಮಾನವನ್ನು ತಂದೆಯಿಂದ ಹೊಲಮನೆಯಂತೆ ಪಡೆದವರು. ಈಗ ಇವನು ಹರಾಜಿನಲ್ಲಿ ಕೊಂಡ ಚೆಂಡೆಸೆಯುವವನು ಊರಿನ ತಂಡದ ಎದುರಿಗೇ ನಿಂತನೆನ್ನಿ. ಏನೆಂದು ಹಾರೈಸಬೇಕು? ಊರು ಗೆದ್ದರೆ ಕಾಗದ ಸೋಲುವುದು. ಕಾಗದ ಗೆದ್ದರೆ ಪಕ್ಕದಲ್ಲಿ ಕುಳಿತ ತಂದೆಯ ಮುಖ ಬಾಡುವುದು. ಹರಾಜಿನಲ್ಲಿಯೂ ಹಾಗೆಯೇ. ಊರಿನ ಹುಡುಗನನ್ನು ಇವನು ಬಿಡಲಾರನೆಂದು ಬಲ್ಲ ಮಿತ್ರರು ಬೇಕೆಂದೇ ಬೆಲೆ ಏರಿಸುವರು. ಗೆಲ್ಲಬೇಕೆಂಬವನು ಈ ಪಕ್ಷಪಾತವನ್ನು ಚೈತ್ರದಲ್ಲಿಯೇ ಬಾಗಿಲ ಹೊರಗಿಟ್ಟು ಒಳಬರಬೇಕು. ಇದು ವೈರಾಗ್ಯವೋ, ಕೃತಘ್ನತೆಯೋ? ನಮಗೇನೋ, ಊರಿನ ಹುಡುಗನಿಗೆ ಐದು ಡಾಲರು ಹೆಚ್ಚು ಕೊಟ್ಟು ನಾಲ್ಕನೆಯವನಾಗಿ ನಿಂತವನ ಮೇಲೆಯೇ ಮಮತೆ.

ಗೆದ್ದವನ ತಲೆಯ ಮೇಲೆ ಯೂ-ಹೂ ಎಂಬ ಚಾಕೊಲೇಟಿನ ಪಾನೀಯವನ್ನು ಸುರಿಯುವುದು ಆ ಮೊದಲ ಕೂಟದ ಸಂಪ್ರದಾಯ. ನಿಯಮಗಳನ್ನೆಲ್ಲ ಬರೆದ ಓಕ್ರೆಂಟರು ವರ್ಷವರ್ಷವೂ ಹರಾಜಿಗೆ ಕುಳಿತರು. ಆದರೆ ಆ ಅಭಿಷೇಕವು ಅವರ ತಲೆಗೆ ಒಮ್ಮೆಯೂ ದೊರೆಯಲಿಲ್ಲ.