ಬೇಡವೆಂದ ಕೈಯನ್ನು ಸರಿಸದಿರೋಣ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ: ನಮ್ಮ ಭಾಗದ ಯಾವ ವಲೀಮಾಕ್ಕೆ ಹೋದರೂ ಒಂದು ದೃಶ್ಯ ತಪ್ಪದು. ವೈದ್ಯರ ಸಲಹೆಯಂತೆ ತೂಕ ಇಳಿಸಲು ಹೊರಟವರು ತಟ್ಟೆಗೆ ಕೈ ಅಡ್ಡ ಹಿಡಿಯುತ್ತಾರೆ. ಬಡಿಸುವವರು ಆ ಕೈ ಸರಿಸಿ ಮತ್ತೊಂದು ಸೌಟು ಬಿರಿಯಾನಿ ಸುರಿಯುತ್ತಾರೆ. "ಇವತ್ತೊಂದು ದಿನ ತಿನ್ನಿ, ಭಾಯಿ!" ಸಕ್ಕರೆ ಕಾಯಿಲೆಯಿರುವ ನನ್ನ ಅಣ್ಣನ ತಟ್ಟೆಗೆ ನಾನೂ ಹಾಗೆ ಸುರಿದವನೇ.

ಹೊಟ್ಟೆಯ ಮೂರರಲ್ಲೊಂದು ಪಾಲು ಆಹಾರಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ಮಿಂಬರಿನಿಂದ ಹೇಳುವ ನಾವೇ ದಸ್ತರ್‌ಖಾನಿನ ಮುಂದೆ ಮರೆಯುತ್ತೇವೆ. ಅತಿಥಿ ಸತ್ಕಾರ ಸುನ್ನತ್, ನಿಜ. ಒತ್ತಾಯವೂ ಸತ್ಕಾರವೇ?

ಒಬ್ಬರ ರೂಢಿ ಇನ್ನೊಬ್ಬರಿಗೆ ತಾಗುತ್ತದೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಪಟ್ಟಣದ 32 ವರ್ಷಗಳ ದಾಖಲೆ ಪರಿಶೀಲಿಸಿದ 2007ರ ಅಧ್ಯಯನವೊಂದರಲ್ಲಿ, ಗೆಳೆಯ ಸ್ಥೂಲಕಾಯನಾದವನಿಗೆ ತಾನೂ ಹಾಗಾಗುವ ಸಂಭವ ಶೇ. 57ರಷ್ಟು ಹೆಚ್ಚಿದ್ದುದು ಕಂಡುಬಂತು. ತಾಗುವುದು ಕೆಟ್ಟದ್ದೇ ಆಗಬೇಕೆಂದಿಲ್ಲವಲ್ಲ!

ಮಹಿಳೆಯರ ಕಷ್ಟ ಬೇರೆ. ಫಜ್ರ್ ನಂತರ ನಡೆಯಲು ಅತ್ತಿಗೆಗೆ ಆಸೆಯಿತ್ತು, ಮೊಹಲ್ಲಾದಲ್ಲಿ ಒಬ್ಬರೇ ಹೊರಡಲು ಸಂಕೋಚ. ನನ್ನ ಮಡದಿ ಜೊತೆಯಾದಳು. ಇಬ್ಬರೂ ಇನ್ನೂ ನಿಲ್ಲಿಸಿಲ್ಲ. ಅಣ್ಣನಿಗೆಂದು ಬೇರೆ ಪಾತ್ರೆ ಇಡುವುದನ್ನೂ ಬಿಟ್ಟೆವು. ಅವರು ತಿನ್ನುವ ರೊಟ್ಟಿ, ಪುಂಡಿಪಲ್ಯವೇ ಈಗ ರಾತ್ರಿ ಮನೆಮಂದಿಗೆಲ್ಲ. ಮಕ್ಕಳು ಮೊದಲ ವಾರ ಗೊಣಗಿದರು, ಅಷ್ಟೆ.